ಉತ್ತರನ ಪೌರುಷ: ಕುಮಾರವ್ಯಾಸನ ವಿರಾಟಪರ್ವದಲ್ಲಿ ಗಂಡುತನದ ವಿಚಾರ

ಮಳೆ ಹಿಂದೆಗೆದ ವರ್ಷಗಳಲ್ಲಿ ಊರಿನ ದೇವಸ್ಥಾನದಲ್ಲಿ ಗಮಕಿಗಳನ್ನು ಕೂರಿಸಿ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸುವ ಪದ್ಧತಿ ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂತಹ ವಾಚನವನ್ನು ಕೇಳಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಉತ್ತರಕುಮಾರನು ಅಂತಃಪುರದ ಹೆಂಗಸರ ಮುಂದೆ ತನ್ನ ಶೌರ್ಯವನ್ನು ಕೊಚ್ಚಿಕೊಳ್ಳತೊಡಗಿದನೆಂದರೆ ಸಭೆ ನಗಲು ಸಿದ್ಧವಾಗುತ್ತದೆ. ಅವನು ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದನೆಂದರೆ ಮುದುಕರೂ ಮಕ್ಕಳೂ ಒಟ್ಟಿಗೆ ನಗುತ್ತಾರೆ. ಆ ನಗೆಯೇ ಘನೀಭವಿಸಿ 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯಾಗಿದೆ. ನಮ್ಮ ತರಗತಿಗಳಲ್ಲಿಯೂ ಈ ಭಾಗವನ್ನು ಹಾಸ್ಯರಸದ ಉದಾಹರಣೆಯೆಂದು ಪಾಠಮಾಡಿ ಮುಂದೆ ಸಾಗುವುದು ವಾಡಿಕೆ. ನಾವೂ ಹಾಗೆಯೇ ಓದಿದವರು, ಹಾಗೆಯೇ ಪಾಠಹೇಳಿದವರು. ಆದರೆ ಪರ್ವವನ್ನು ಆದ್ಯಂತವಾಗಿ ನೋಡಿದಾಗ ಈ ನಗೆಯ ಗುರಿ ಉತ್ತರನೊಬ್ಬನೇ ಎಂಬ ವಿಷಯದಲ್ಲಿ ಸಂದೇಹ ಹುಟ್ಟುತ್ತದೆ.

'ಗಂಡ' ಎಂಬ ಶಬ್ದದಿಂದಲೇ ವಿಚಾರವನ್ನು ಆರಂಭಿಸಬಹುದು. ಇಂದಿನ ಆಡುನುಡಿಯಲ್ಲಿ ಅದಕ್ಕೆ ಪತಿಯೆಂಬುದೊಂದೇ ಅರ್ಥ ಉಳಿದಿದೆ. ಹಳೆಯ ಕನ್ನಡದಲ್ಲಿ ಶೂರ, ಒಡೆಯ ಎಂಬ ಅರ್ಥಗಳೂ ಅದಕ್ಕಿದ್ದವು. ವಿಜಯನಗರದ ಅರಸರು 'ಮೂರುರಾಯರ ಗಂಡ', 'ಭಾಷೆಗೆ ತಪ್ಪುವ ರಾಯರ ಗಂಡ' ಎಂದು ಬಿರುದು ಧರಿಸಿದ್ದು ಈ ಅರ್ಥದಲ್ಲಿ; ವೀರನ ಕಾಲಿಗೆ ತೊಡಿಸುತ್ತಿದ್ದುದು 'ಗಂಡಪೆಂಡೆಯ'. ಹೆಂಡತಿಯನ್ನು ಕಾಯುವವನು, ಹಗೆಯನ್ನು ಅಡಗಿಸುವವನು, ಕೊಟ್ಟ ಮಾತಿಗೆ ನಿಲ್ಲುವವನು, ಈ ಮೂವರನ್ನೂ ಭಾಷೆ ಒಂದೇ ಪದದಲ್ಲಿ ಕಟ್ಟಿಹಾಕಿದೆ. ಸಮಾಜವು ಗಂಡಸಿನಿಂದ ಏನನ್ನು ನಿರೀಕ್ಷಿಸುತ್ತಿತ್ತೆಂಬುದಕ್ಕೆ ಇದಕ್ಕಿಂತ ಅಡಕವಾದ ದಾಖಲೆ ಬೇಕಿಲ್ಲ. ಆದರೆ ಈ ಮೂರೂ ಒಬ್ಬನಲ್ಲಿಯೇ ಒಂದೇ ಕಾಲಕ್ಕೆ ನಿಲ್ಲಲಾರದೆ ಪರಸ್ಪರ ವಿರುದ್ಧವಾದರೆ ಏನು ಗತಿ? ವಿರಾಟಪರ್ವದ ಪ್ರಶ್ನೆ ಇದೇ ಎಂದು ನಮ್ಮ ಮತ.

ಅಜ್ಞಾತವಾಸವೆಂಬುದು ಕೊಟ್ಟ ಮಾತು. ಅದನ್ನು ಉಳಿಸಿಕೊಳ್ಳಬೇಕಾದರೆ ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆದರೂ ಕಂಕನು ಸುಮ್ಮನಿರಬೇಕು, ಭೀಮನ ಕೋಪವನ್ನೂ ತಡೆಯಬೇಕು. ಮಾತಿಗೆ ನಿಂತ ಗಂಡನು ಹೆಂಡತಿಯ ಪಾಲಿಗೆ ಗಂಡನಲ್ಲದೆ ಹೋಗುತ್ತಾನೆ. ಆ ರಾತ್ರಿ ಬಾಣಸಿನ ಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ದ್ರೌಪದಿಯ ಬಾಯಲ್ಲಿ ಕವಿ ಈ ಶಬ್ದವನ್ನು ಎರಡು ಅರ್ಥಗಳಲ್ಲಿ ತಿರುವಿ ತಿರುವಿ ಆಡಿಸುತ್ತಾನೆ. ಲೋಕಕ್ಕೆ ಗಂಡರಾದವರು ಐವರು. ಅವರ ಕೈಯಲ್ಲಿ ಒಬ್ಬಳನ್ನು ಕಾಯುವುದಾಗಲಿಲ್ಲ. ಅವಳು ಅಲ್ಲಿ ಬಳಸುವ ನಿಂದೆಯ ಪದ 'ಷಂಡ'. ಇಲ್ಲಿಯ ವ್ಯಂಗ್ಯವನ್ನು ವಾಚಕರು ಗಮನಿಸಬೇಕು. ಐವರಲ್ಲಿ ಒಬ್ಬನು ಅದೇ ಹೊತ್ತಿನಲ್ಲಿ, ಅದೇ ಅರಮನೆಯಲ್ಲಿ, ಆ ಪದವು ಸೂಚಿಸುವ ಸ್ಥಿತಿಯಲ್ಲಿಯೇ ಇದ್ದಾನೆ. ಮುಂದೆ ವಿರಾಟನ ರಾಜ್ಯವನ್ನು ಉಳಿಸುವವನೂ ಅವನೇ.

ಭೀಮನೂ ಒಮ್ಮೆಗೇ ಎದ್ದು ಹೊರಡುವುದಿಲ್ಲ. ಬೇಕಾದಾಗ ಮಾತ್ರ ತನ್ನ ತೋಳನ್ನು ನೆನೆಯುತ್ತಾರೆಂಬ ಮುನಿಸು ಅವನಲ್ಲಿದೆ. ಬಲಶಾಲಿಯಾದವನು ಸದಾ ಮುನಿಯಲು ಸಿದ್ಧನಾಗಿರಬೇಕೆಂಬ ನಿರೀಕ್ಷೆಯೂ ಒಂದು ಭಾರವೇ ಎಂಬುದನ್ನು ಆ ಮುನಿಸಿನಲ್ಲಿ ನಾವು ಕಾಣುತ್ತೇವೆ. ಕಡೆಗೆ ಅವನು ಕೀಚಕನನ್ನು ಕೊಲ್ಲುವುದು ಹೆಣ್ಣುಡುಗೆಯಲ್ಲಿ, ನಾಟ್ಯಶಾಲೆಯಲ್ಲಿ. ಹಗಲು ಬೃಹನ್ನಳೆಯು ಕನ್ಯೆಯರಿಗೆ ನೃತ್ಯ ಕಲಿಸುವ ಜಾಗವೇ ರಾತ್ರಿ ರಣಭೂಮಿಯಾಗುತ್ತದೆ. ಈ ಪರ್ವದ ಎರಡು ಮಹಾಪರಾಕ್ರಮಗಳಲ್ಲಿ ಒಂದು ಹೆಣ್ಣಿನ ವೇಷದಲ್ಲಿ ನಡೆಯುತ್ತದೆ, ಇನ್ನೊಂದು ಆ ವೇಷದಲ್ಲಿ ತೊಡಗುತ್ತದೆ. ಗಂಡುಡುಗೆಯಲ್ಲಿ ಮೆರೆಯುವ ಕೀಚಕ, ಉತ್ತರ, ವಿರಾಟ ಈ ಮೂವರೂ ಒಂದೊಂದು ಬಗೆಯಲ್ಲಿ ಭಂಗಪಡುತ್ತಾರೆ. ಕಥೆ ವ್ಯಾಸರದು, ನಿಜ. ಆದರೆ ಅದರ ಒಳಗಿನ ಈ ವಿಪರ್ಯಾಸವನ್ನು ಹಿಗ್ಗಿಸಿ ಸಭೆಯೆಲ್ಲ ಕಾಣುವಂತೆ ಹಿಡಿದವನು ಗದುಗಿನ ಕವಿ.

ಅರ್ಜುನನ ಸ್ಥಿತಿಗೆ ಕಾರಣವಾದ ಊರ್ವಶಿಯ ಶಾಪವನ್ನೂ ಇಲ್ಲಿ ನೆನೆಯಬೇಕು. ತಾನಾಗಿ ಬಂದ ಹೆಣ್ಣನ್ನು ತನ್ನ ವಂಶದ ಹಿರಿಯಳೆಂದು ಭಾವಿಸಿ ಅವನು ಒಲ್ಲೆನೆಂದನು. ಆ ನಿರಾಕರಣೆಯನ್ನು ಅವಳು ಗಂಡುತನದ ಕೊರತೆಯೆಂದೇ ಎಣಿಸಿ ಅದಕ್ಕೆ ತಕ್ಕ ಶಾಪ ಕೊಟ್ಟಳು. ಆಸೆಪಡುವುದೇ ಗಂಡಸಿನ ಲಕ್ಷಣವಾದರೆ ಕೀಚಕನು ಆದರ್ಶಪುರುಷನಾಗಬೇಕಾಗುತ್ತದೆ! ನಮ್ಮ ಜನಮನವಾದರೋ ಹಾಗೆ ಒಪ್ಪಲಿಲ್ಲ. ಮಲತಾಯಿಯ ಬಯಕೆಗೆ ಮಣಿಯದ ಕುಮ್ಮಟದ ಕುಮಾರರಾಮನನ್ನು ಜನರು ಗಂಡುಗಲಿಯೆಂದು ಹಾಡಿದರು. ನಂಜುಂಡ ಕವಿ ಅವನ ಚರಿತೆಯನ್ನು ಸಾಂಗತ್ಯದಲ್ಲಿ ಬರೆದನು. ಪರನಾರೀ ಸಹೋದರನೆಂಬುದು ಅವನ ಹೆಸರಿಗೆ ಅಂಟಿದ ಬಿರುದು.

ಈಗ ಉತ್ತರನ ಕಡೆಗೆ ತಿರುಗೋಣ. ಅವನ ಬಡಾಯಿ ಎಲ್ಲಿಂದ ಬಂತು? ಅವನು ಹುಡುಗ. ತಂದೆ ಸೈನ್ಯಸಮೇತನಾಗಿ ತ್ರಿಗರ್ತರ ಬೆನ್ನಟ್ಟಿ ಹೋಗಿದ್ದಾನೆ. ಗೋವಳರು ಮೊರೆಯಿಡುತ್ತ ಬಂದಾಗ ಅರಮನೆಯಲ್ಲಿ ಉಳಿದಿರುವ ಅರಸುಕುಲದ ಗಂಡು ಅವನೊಬ್ಬನೇ. ಸುತ್ತ ನಿಂತ ಹೆಂಗಸರ ಕಣ್ಣುಗಳು ಅವನ ಮೇಲಿವೆ. 'ನನಗೆ ಯುದ್ಧ ಬಾರದು' ಎಂದು ಹೇಳಲು ಆ ಕ್ಷಣದಲ್ಲಿ ಅವನಿಗೆ ಭಾಷೆಯೇ ಇಲ್ಲ. ಸಾರಥಿಯಿಲ್ಲವೆಂಬ ನೆಪವೊಂದೇ ಇದೆ. ಸೈರಂಧ್ರಿ ಬೃಹನ್ನಳೆಯ ಹೆಸರು ಹೇಳಿ ಆ ನೆಪವನ್ನೂ ಕಿತ್ತುಕೊಳ್ಳುತ್ತಾಳೆ. ಒಲೆಯ ಮುಂದಿನ ಪೌರುಷವನ್ನು ಗಾದೆ ಹೀಯಾಳಿಸುತ್ತದೆ, ಸರಿ. ಆದರೆ ಒಲೆಯ ಮುಂದೆ ಕುಳಿತವರು ಅದನ್ನು ಅವನಿಂದ ಬೇಡಿದ್ದರೆಂಬುದನ್ನು ಗಾದೆ ಹೇಳುವುದಿಲ್ಲ.

ಸೇನಾಸಮುದ್ರವನ್ನು ಕಂಡ ಮೇಲೆ ಅವನ ಬಾಯಿಂದ ಬರುವುದೆಲ್ಲ ನಿಜವೇ. ರಣದಲ್ಲಿ ಸತ್ತರೆ ದೇವಸ್ತ್ರೀಯರು ದೊರೆಯುವರೆಂದು ಬೃಹನ್ನಳೆಯು ಹುರಿದುಂಬಿಸಿದರೆ, ತನಗೆ ತನ್ನ ಅರಮನೆಯ ಹೆಣ್ಣುಗಳೇ ಸಾಕೆಂಬ ಅರ್ಥದ ಉತ್ತರ ಕೊಡುತ್ತಾನೆ. ಸಭೆ ಇಲ್ಲಿ ಅತಿ ಹೆಚ್ಚು ನಗುತ್ತದೆ. ನಮ್ಮ ನಾಡಿನ ಊರೂರ ಹೊರಗೆ ನಿಂತಿರುವ ವೀರಗಲ್ಲುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಗಂಡಾಗಿ ಹುಟ್ಟಿದವನಿಗೆ ಶತಮಾನಗಳ ಕಾಲ ಈ ನಾಡು ತೋರಿಸಿದ ಮೂರು ಮೆಟ್ಟಿಲ ದಾರಿ ಅದು. (ಆ ಗೌರವ ಗಂಡಸಿಗೇ ಮೀಸಲಾಗಿರಲಿಲ್ಲವೆಂಬುದೂ ಸತ್ಯ; 10ನೆಯ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಹೋರಿ ಸತ್ತ ಕಾಳಿ ಎಂಬ ನಾಯಿಯದು.) ಆ ಕಲ್ಲಿನ ನಡುಪಟ್ಟಿಕೆಯ ಮುಂದೆ ನಿಂತು ಒಬ್ಬ ಹುಡುಗ 'ನನಗೆ ಬೇಡ' ಎನ್ನುತ್ತಿದ್ದಾನೆ. ಹಾಗೆನ್ನಲು ಹಾಸ್ಯಪಾತ್ರಕ್ಕೆ ಮಾತ್ರ ಅನುಮತಿಯಿತ್ತು. ಕುಮಾರವ್ಯಾಸನು ಆ ಅನುಮತಿಯನ್ನು ಪೂರ್ಣವಾಗಿ ಬಳಸಿಕೊಂಡನು.

ಕವಿಗೆ ನಾವು ಇಲ್ಲದ ಕ್ರಾಂತಿಕಾರಕತೆಯನ್ನು ಆರೋಪಿಸುತ್ತಿಲ್ಲ. ಅವನ ಯುದ್ಧಪರ್ವಗಳಲ್ಲಿ ಅಪ್ಸರೆಯರಿಗೆ ಕೊರತೆಯೇನಿಲ್ಲ. ಹೇಡಿಯನ್ನು ಹೆಣ್ಣೆಂದು ಜರೆಯುವ ಮಾತುಗಳೂ ಬೇಕಾದಷ್ಟಿವೆ. ಬೃಹನ್ನಳೆಯ ರೂಪವೂ ಕಡೆಗೆ ಕಳಚಿಬಿಡುವ ವೇಷವೇ ಹೊರತು ಬದುಕಲ್ಲ. ಆ ರೂಪವನ್ನೇ ಬದುಕಾಗಿ ಬಾಳುವವರಿಗೆ ನಮ್ಮ ಕಾವ್ಯಗಳು ನಿಂದೆಯ ಪದಗಳನ್ನಲ್ಲದೆ ಹೆಚ್ಚಿನದೇನನ್ನೂ ಕೊಡಲಿಲ್ಲ. ಜೋಗತಿ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದುದನ್ನು ಕಂಡ ವಿದ್ಯಾರ್ಥಿ ಈ ಪರ್ವವನ್ನು ಓದುವಾಗ ನಮ್ಮ ತಲೆಮಾರು ಕೇಳದ ಪ್ರಶ್ನೆಗಳನ್ನು ಕೇಳಿಯಾನು. ಅಧ್ಯಾಪಕರು ಅದಕ್ಕೆ ಸಿದ್ಧರಿರಬೇಕು.

ಅರ್ಜುನನು ಓಡಿದ ಹುಡುಗನನ್ನು ಅಟ್ಟಿ ಹಿಡಿದು ತಂದ ಮೇಲೆ ಮಾಡುವುದೇನು? ಯುದ್ಧಮಾಡೆಂದು ಒತ್ತಾಯಿಸುವುದಿಲ್ಲ. 'ನೀನು ರಥ ನಡೆಸು, ನಾನು ಕಾದುತ್ತೇನೆ' ಎನ್ನುತ್ತಾನೆ. ಬನ್ನಿಯ ಮರವನ್ನು ಹತ್ತಿ ಆಯುಧಗಳನ್ನು ಇಳಿಸಲು ಹೇಳುತ್ತಾನೆ. ಕೈಲಾಗುವ ಕೆಲಸ ಸಿಕ್ಕಿದೊಡನೆ, ಸ್ವಲ್ಪ ಹೊತ್ತಿಗೆ ಮುಂಚೆ ಓಡಿದ್ದವನು ಭೀಷ್ಮದ್ರೋಣರ ಎದುರಿಗೆ ಕುದುರೆಗಳನ್ನು ನಡೆಸುತ್ತಾನೆ. ಇದನ್ನು ಪಾಠಹೇಳುವಾಗ ನಾವು ಹಾರಿಸಿಬಿಡುತ್ತೇವೆ, ಏಕೆಂದರೆ ಇಲ್ಲಿ ನಗೆಯಿಲ್ಲ.

ಮರಳಿ ಬಂದ ಮೇಲಿನ ಪ್ರಸಂಗ ಇನ್ನೂ ಮುಖ್ಯವಾದದ್ದು. ಮಗ ಗೆದ್ದನೆಂದು ವಿರಾಟನು ಉಬ್ಬಿದ್ದಾನೆ. ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲುವಿನಲ್ಲಿ ಆಶ್ಚರ್ಯವೇನೆಂದ ಕಂಕನನ್ನು ಪಗಡೆಯ ದಾಳದಿಂದ ಹೊಡೆಯುತ್ತಾನೆ. ಸುರಿದ ರಕ್ತವನ್ನು ಸೈರಂಧ್ರಿ ಹಿಡಿದುಕೊಳ್ಳುತ್ತಾಳೆ. ಮಗನ ಗಂಡುತನಕ್ಕೆ ಒಂದು ಮಾತು ಕುಂದು ಬಂದರೂ ತಂದೆ ಸಹಿಸಲಾರ. ಆಗ ಉತ್ತರನು ಒಳಗೆ ಬರುತ್ತಾನೆ. ಊರು ಸಿಂಗರಿಸಿದೆ, ತಂದೆ ಹಿಗ್ಗಿದ್ದಾನೆ, ಹೆಂಗಸರು ಆರತಿ ಹಿಡಿದಿದ್ದಾರೆ. ಒಂದು ಸುಳ್ಳು ಹೇಳಿದರೆ ಸಾಕು. ಗೆದ್ದವನು ತಾನಲ್ಲ, ಬೇರೊಬ್ಬನೆಂದು ಅವನು ತಂದೆಯ ಮುಂದೆ ಹೇಳಿಬಿಡುತ್ತಾನೆ. ಬೆಳಿಗ್ಗೆ ಇದೇ ಹುಡುಗನಿಗೆ ತನ್ನ ಅಳವನ್ನು ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ.

ವ್ಯಾಸಭಾರತದ ಭೀಷ್ಮಪರ್ವದಲ್ಲಿ, ಕುರುಕ್ಷೇತ್ರದ ಮೊದಲನೆಯ ದಿನ, ಆನೆಯೇರಿ ಶಲ್ಯನ ಮೇಲೆ ಬಿದ್ದು ಅವನ ಕೈಯಲ್ಲಿ ಸಾಯುವವನು ಈ ಉತ್ತರನೇ. ಅಂದು ಅವನು ಓಡಲಿಲ್ಲ.