‘ನಿನಗೇನನ್ನಿಸತ್ತೆ?’ ಅಂತ ಕೇಳುವ ಮುನ್ನ

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ರಿಲೀಸ್ ಕೆಲಸ ಮುಗಿಸಿ ಬಂದ ನನ್ನಂಥ ಐಟಿಯವರು, ಇಬ್ಬರು ಟೀಚರುಗಳು, ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ಎಲ್ಲ ಸೇರಿ ಹದಿನಾಲ್ಕು ಜನ ಕಾಫಿ ಕಪ್ ಹಿಡಿದು ಸುತ್ತ ಕೂತಿರುತ್ತೇವೆ. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ನಡೆಯುವ ಒಂದು ವರ್ಷದ ಕೌನ್ಸೆಲಿಂಗ್ ಡಿಪ್ಲೊಮಾ ನಮ್ಮದು. ಇದು ಮುಗಿದರೆ ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿಬಿಡಲ್ಲ. ಅದಕ್ಕೆ ಬೇರೆಯೇ ಓದು, ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಎಲ್ಲ ಬೇಕು. ನಾವು ಇಲ್ಲಿ ಕಲಿಯೋದು ಒಂದೇ: ಎದುರಿಗೆ ಕೂತವರ ಮಾತನ್ನು ನೆಟ್ಟಗೆ ಕೇಳಿಸಿಕೊಳ್ಳೋದು.

ಎರಡನೇ ತಿಂಗಳಲ್ಲಿ ನಮಗೆ ಒಂದು ಹಳೇ ಫಿಲ್ಮ್ ತೋರಿಸಿದರು. ಕೌನ್ಸೆಲಿಂಗ್ ಓದುವ ಬಹಳ ಜನ ಎಲ್ಲೋ ಒಂದು ಕಡೆ ಇದನ್ನು ನೋಡಿಯೇ ಇರುತ್ತಾರೆ. 1965ರಲ್ಲಿ ಅಮೆರಿಕದ ಎವರೆಟ್ ಶಾಸ್ಟ್ರಮ್ ಹೊರತಂದ ‘ಥ್ರೀ ಅಪ್ರೋಚಸ್ ಟು ಸೈಕೋಥೆರಪಿ’. ಎಲ್ಲರೂ ಕರೆಯೋದು ‘ಗ್ಲೋರಿಯಾ ಫಿಲ್ಮ್’ ಅಂತ. ವಿಚ್ಛೇದನವಾದ ಗ್ಲೋರಿಯಾ ಎಂಬ ಹೆಣ್ಣುಮಗಳು ಕಾರ್ಲ್ ರೋಜರ್ಸ್, ಫ್ರಿಟ್ಸ್ ಪರ್ಲ್ಸ್, ಆಲ್ಬರ್ಟ್ ಎಲ್ಲಿಸ್ ಎಂಬ ಮೂವರು ಘಟಾನುಘಟಿಗಳ ಜೊತೆ ಒಬ್ಬರಾದ ಮೇಲೊಬ್ಬರಂತೆ ಕ್ಯಾಮೆರಾ ಮುಂದೆ ಮಾತಾಡುತ್ತಾಳೆ. ರೋಜರ್ಸ್ ಮುಂದೆ ಅವಳು ಇಡುವ ಪ್ರಶ್ನೆ ಇದು: ‘ನನ್ನ ಒಂಬತ್ತು ವರ್ಷದ ಮಗಳು, ಅಪ್ಪ ಬಿಟ್ಟ ಮೇಲೆ ಬೇರೆ ಗಂಡಸರ ಜೊತೆ ಇದ್ದೀಯಾ ಅಂತ ಕೇಳಿದಳು. ನಾನು ಸುಳ್ಳು ಹೇಳಿದೆ. ನಿಜ ಹೇಳಬೇಕಿತ್ತಾ?’ ಅರ್ಧ ಗಂಟೆ ತಿರುಗಿಸಿ ತಿರುಗಿಸಿ ಕೇಳಿದರೂ ರೋಜರ್ಸ್ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ.

ತರಗತಿಯಲ್ಲಿ ರೋಜರ್ಸ್ ಭಾಗ ಮುಗಿಯುತ್ತಲೇ ಪ್ರೊಜೆಕ್ಟರ್ ಆರಿಸಿದರು. ಬೋರ್ಡ್ ಮೇಲೆ ಒಂದೇ ಸಾಲು: ಸಲಹೆ ಕೊಡಬೇಡಿ. ಆಮೇಲೆ ಮೂವರು ಮೂವರಾಗಿ ಅಭ್ಯಾಸ. ಒಬ್ಬರು ಕೌನ್ಸೆಲರ್, ಒಬ್ಬರು ಕ್ಲೈಂಟ್, ಇನ್ನೊಬ್ಬರು ಹಾಳೆ ಹಿಡಿದು ಗಮನಿಸುವವರು. ಬಾಯ್ತಪ್ಪಿ ‘ಹೀಗೆ ಮಾಡಿ’ ಅಂದರೆ ಹಾಳೆ ಮೇಲೊಂದು ಕೆಂಪು ಗೆರೆ. ಅವತ್ತು ನನ್ನ ಹಾಳೆಯಲ್ಲಿ ಒಂದೂ ಗೆರೆ ಇರಲಿಲ್ಲ. ಏನು ಖುಷಿ ಅಂತೀರಿ!

ಮರುದಿನ ಅಮ್ಮ ಫೋನ್ ಮಾಡಿದರು. ಅಪ್ಪ ಹೋಗಿ ಎರಡು ವರ್ಷ. ಊರಿನ ಮನೆಯಲ್ಲಿ ಅವರೊಬ್ಬರೇ. ‘ಮನೆ ಕೇಳ್ಕೊಂಡು ಮತ್ತೆ ಬಂದಿದ್ರು ಕಣೇ. ಮಾರಿಬಿಡ್ಲಾ? ರಾತ್ರಿ ಹೊತ್ತು ಒಂಥರಾ ಆಗತ್ತೆ. ಏನ್ಮಾಡ್ಲಿ ಹೇಳು.’

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದೆ: ‘ಒಂಥರಾ ಆಗತ್ತೆ ಅಂತಿದ್ದೀಯ. ನಿನಗೇನನ್ನಿಸತ್ತಮ್ಮಾ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಂಗೇನನ್ಸತ್ತೆ ಅಂತ ಗೊತ್ತಿದ್ರೆ ನಿನ್ನ ಯಾಕೆ ಕೇಳ್ತಿದ್ದೆ? ಕಸ್ಟಮರ್ ಕೇರ್‌ನವಳ ಥರ ಮಾತಾಡ್ಬೇಡ’ ಅಂದು ಇಟ್ಟೇಬಿಟ್ಟರು.

ಎಲ್ಲಿ ತಪ್ಪಿದೆ? ಆ ವಾರ ಆಫೀಸ್ ಕ್ಯಾಬ್‌ನಲ್ಲಿ ಕೂತು ಮೂರೂ ಭಾಗ ನೋಡಿದೆ. ಈ ಫಿಲ್ಮಿನ ದೊಡ್ಡ ದೋಷ ಅದರ ಕಟ್ಟಡದಲ್ಲೇ ಇದೆ. ಒಂದು ಮನಸ್ಸು, ಮೂವರು ತಜ್ಞರು, ಯಾರು ಗೆದ್ದರು? ಹೆಚ್ಚುಕಮ್ಮಿ ಟಿವಿಯ ರಿಯಾಲಿಟಿ ಶೋ. ಪರ್ಲ್ಸ್ ಅವಳನ್ನು ಚುಚ್ಚಿ ಕೆಣಕುತ್ತಾರೆ. ಎಲ್ಲಿಸ್ ಮಾತು ಮುಗಿಸುವುದೇ ಇಲ್ಲ. ರೋಜರ್ಸ್ ಅಜ್ಜನಂತೆ ಮುಂದೆ ಬಾಗಿ ಕೂತಿರುತ್ತಾರೆ. ನೋಡುವವರು ರೋಜರ್ಸ್ ಕಡೆ ವಾಲುವುದು ಸಹಜ. ಆದರೆ ಕೊನೆಯಲ್ಲಿ ಗ್ಲೋರಿಯಾ ತನಗೆ ಆಗ ಹೆಚ್ಚು ನೆರವಾಗಬಲ್ಲವರು ಅಂತ ಹೇಳುವುದು ಪರ್ಲ್ಸ್ ಹೆಸರನ್ನು! ನಮ್ಮ ತರಗತಿಯಲ್ಲಿ ಆ ಭಾಗಕ್ಕೆ ಮುಂಚೆಯೇ ಪ್ರೊಜೆಕ್ಟರ್ ಆರಿತ್ತು. ಹಾಗಂತ ಆ ತೀರ್ಪೇ ಕೊನೆಯದೂ ಅಲ್ಲ. ಮುಂದಿನ ವರ್ಷಗಳಲ್ಲಿ ಅವಳು ಪತ್ರ ಬರೆಯುತ್ತಾ ಸಂಪರ್ಕ ಇಟ್ಟುಕೊಂಡಿದ್ದು ರೋಜರ್ಸ್ ಜೊತೆಗೆ, 1979ರಲ್ಲಿ ತೀರಿಕೊಳ್ಳುವವರೆಗೂ.

ಎರಡನೇ ಸಲ ನೋಡುವಾಗ ಇನ್ನೊಂದು ಕಾಣಿಸಿತು. ರೋಜರ್ಸ್ ಏನನ್ನೂ ಕೊಡಲಿಲ್ಲ ಅನ್ನೋದೇ ತಪ್ಪು. ಕೊನೆಯ ಹೊತ್ತಿಗೆ ಗ್ಲೋರಿಯಾ, ನಿಮ್ಮಂಥ ಅಪ್ಪ ಇದ್ದಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತಾಡುತ್ತಾಳೆ. ಅಲ್ಲಿ ರೋಜರ್ಸ್ ‘ಹಾಗನ್ನಿಸಿದಾಗ ನಿಮಗೇನಾಗುತ್ತೆ?’ ಅಂತ ಜಾರಿಕೊಳ್ಳುವುದಿಲ್ಲ. ನನ್ನ ಕಣ್ಣಿಗೆ ನೀವು ಒಳ್ಳೇ ಮಗಳಾಗಿಯೇ ಕಾಣುತ್ತೀರಿ ಅಂತ ತಮ್ಮ ಮನಸ್ಸಿನದನ್ನು ನೇರ ಹೇಳಿಬಿಡುತ್ತಾರೆ. ಥೆರಪಿಸ್ಟ್ ಆದವರು ಹಾಗನ್ನಬಹುದಿತ್ತಾ ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ. ನನಗಂತೂ ಇಡೀ ಫಿಲ್ಮಿನ ಜೀವ ಅಲ್ಲೇ ಇದೆ. ಬದುಕಿನ ನಿರ್ಧಾರವನ್ನು ಅವಳಿಗೇ ಬಿಟ್ಟವರು, ತಾವು ಮಾತ್ರ ಅಲ್ಲಿಂದ ಎದ್ದು ಹೋಗಲಿಲ್ಲ. ರೋಜರ್ಸ್ ಹೇಳುತ್ತಿದ್ದ ಮೂರು ಗುಣಗಳಲ್ಲಿ ಎದುರಿನವರನ್ನು ಅರಿಯುವುದು, ಶರತ್ತಿಲ್ಲದೆ ಒಪ್ಪುವುದರ ಜೊತೆಗೆ ಇನ್ನೊಂದಿದೆ: ಒಳಗೊಂದು ಹೊರಗೊಂದು ಇರಬಾರದು. ಬೋರ್ಡ್ ಮೇಲಿನ ಸಾಲಿನಲ್ಲಿ ಬಿಟ್ಟುಹೋಗಿದ್ದು ಇದೇ.

ನಾನು ಜಾರಿದ್ದೂ ಇಲ್ಲೇ. ಮನೆಯವರಿಗೆ ಕೌನ್ಸೆಲಿಂಗ್ ಮಾಡಬಾರದು ಅಂತ ಮೊದಲ ವಾರವೇ ಹೇಳಿಕೊಟ್ಟಿದ್ದರು. ಅದೇನೋ ಶಿಷ್ಟಾಚಾರದ ಮಾತು ಅಂದುಕೊಂಡಿದ್ದೆ. ಕಾರಣ ಈಗ ಗೊತ್ತಾಯ್ತು: ಮನೆಯ ಪ್ರಶ್ನೆಯಲ್ಲಿ ನಾನು ಹೊರಗಿನವಳಲ್ಲ. ಅಮ್ಮ ಕೇಳಿದ್ದು ಸೈಟಿನ ರೇಟ್ ಬಗ್ಗೆ ಅಲ್ಲ. ‘ಮಾರಿದ್ರೆ ನಾನೆಲ್ಲಿರಲಿ? ನಿನ್ನ ಹತ್ರ ಬರ್ಲಾ?’ ಅಂತ. ಅದಕ್ಕೆ ಉತ್ತರ ಹೇಳಬೇಕಾದವಳು ನಾನೇ. ನನ್ನ ಎರಡು ರೂಮಿನ ಬಾಡಿಗೆ ಮನೆ, ರಾತ್ರಿ ಹತ್ತರ ಕಾಲ್‌ಗಳು, ಇಷ್ಟು ವರ್ಷ ಒಬ್ಬಳೇ ಇದ್ದ ರೂಢಿ, ಎಲ್ಲವೂ ಒಂದು ಕ್ಷಣ ಕಣ್ಮುಂದೆ ಬಂದಿದ್ದವು. ಆ ಹೆದರಿಕೆಯನ್ನು ‘ನಿನಗೇನನ್ನಿಸತ್ತೆ?’ ಅನ್ನೋ ಚೆಂದದ ಪ್ರಶ್ನೆಯ ಹಿಂದೆ ಬಚ್ಚಿಟ್ಟೆ. ಕೆಂಪು ಗೆರೆ ಬೀಳದ ಉತ್ತರ. ಅಷ್ಟೇ ಸುಳ್ಳು ಉತ್ತರ ಕೂಡ.

ಬುಧವಾರ ನಾನೇ ಫೋನ್ ಮಾಡಿದೆ. ‘ಅಮ್ಮಾ, ಮನೆ ಮಾರೋದು ಬಿಡೋದು ನಿನ್ನಿಷ್ಟ. ನೀನು ಇಲ್ಲಿಗೆ ಬಂದ್ರೆ ನಂಗೆ ಇಷ್ಟ. ಹೆಂಗೆ ಸಂಭಾಳಿಸ್ತೀನೋ ಅಂತ ಭಯಾನೂ ಇದೆ.’ ಅಮ್ಮ ನಕ್ಕರು. ‘ನಂಗೂ ಅದೇ ಭಯ. ನಿನ್ನ ಅಡುಗೆಮನೆ ನೋಡಿದೀನಲ್ಲ’ ಅಂದರು. ಮನೆ ಇನ್ನೂ ಮಾರಿಲ್ಲ. ಸದ್ಯಕ್ಕೆ ತಿಂಗಳಿಗೊಂದು ವಾರ ಬಂದಿರ್ತಾರೆ.

ಹಾಗಾದರೆ ಆ ಫಿಲ್ಮ್ ನೋಡಬೇಕಾ? ನೋಡಬೇಕು, ಪೂರ್ತಿ ನೋಡಬೇಕು. ನೋಡುವಾಗ ಒಂದು ಮುಳ್ಳು ಚುಚ್ಚುತ್ತಲೇ ಇರಬೇಕು. ಪಾಠಕ್ಕೆ ಮಾತ್ರ ಅಂದುಕೊಂಡು ಗ್ಲೋರಿಯಾ ಆಡಿದ ಮಾತು ಆಮೇಲೆ ಟಿವಿಗೂ ಥಿಯೇಟರಿಗೂ ಹೋಯಿತು. ಯಾವ ಮಗಳಿಗೆ ನಿಜ ಹೇಳಲೋ ಬೇಡವೋ ಅಂತ ಅವಳು ಒದ್ದಾಡಿದಳೋ, ಆ ಮಗಳ ಪ್ರಶ್ನೆ ಊರಿಗೆಲ್ಲ ಗೊತ್ತಾಯಿತು. ಆ ಮಗಳು ದೊಡ್ಡವಳಾಗಿ, ಈ ಫಿಲ್ಮಿನ ನೆರಳಲ್ಲಿ ಬೆಳೆದ ಬಗ್ಗೆ 2008ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಗುಟ್ಟು ಕಾಯುವುದನ್ನು ಕಲಿಯುವ ನಾವು ನಮ್ಮ ಪಾಠವನ್ನು ಅಂಥ ಒಂದು ಗುಟ್ಟಿನಿಂದಲೇ ಶುರು ಮಾಡುತ್ತೇವೆ.

ಅದಕ್ಕೇ ಇದನ್ನು ಬರೆದ ಮೇಲೆ ಅಮ್ಮನಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು. ಊರಿನ ಹೆಸರು ತೆಗೆಸಿದರು. ‘ಕಸ್ಟಮರ್ ಕೇರ್ ಅಂದಿದ್ದು ಇರ್ಲಿ’ ಅಂದರು.