ಕೀಳರಿಮೆ ಯಾರದು?

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು (1994) ನಾವು ನೋವಿನ ಕಥನವೆಂದು ಓದಿ ಮುಗಿಸುತ್ತೇವೆ. ನನಗೆ ಮಾತ್ರ ಆ ಹೆಸರನ್ನೇ ದಾಟೋಕಾಗಲಿಲ್ಲ. ಸ್ಕಾಲರ್‌ಶಿಪ್ ಪಟ್ಟಿ ಓದುವಾಗ ಹಿಂದಿನ ಬೆಂಚಿನಿಂದ ನನ್ನನ್ನೂ ಹಾಗೇ ಕೂಗಿದ್ದರು. ಆಮೇಲೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ರಾತ್ರಿ ನಿದ್ದೆಯೂ ಇಲ್ಲ. ಮೇಷ್ಟ್ರು ಅದನ್ನು ‘ಕೀಳರಿಮೆ’ ಅಂದರು. ಕೂಗಿದವರಿಗೆ ಯಾವ ರೋಗದ ಹೆಸರೂ ಇಡಲಿಲ್ಲ.

ನನ್ನೊಬ್ಬನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಫೆಲೋಶಿಪ್ ನಿಂತು, ಹಾಸ್ಟೆಲಿನಿಂದ ಹೊರದಬ್ಬಿಸಿಕೊಂಡು ಬಯಲಲ್ಲಿ ಮಲಗಿದ್ದ ರೋಹಿತ್ ವೇಮುಲ 2016ರ ಜನವರಿ 17ರಂದು ಜೀವ ಬಿಟ್ಟ. ಕೇಂದ್ರ ನೇಮಿಸಿದ ವಿಚಾರಣಾ ಆಯೋಗ ಅದನ್ನು ವೈಯಕ್ತಿಕ ಹತಾಶೆ ಎಂದು ಬರೆಯಿತು. ನಮ್ಮ ಮೇಷ್ಟ್ರ ಮಾತೇ ಅದು, ಕಚೇರಿ ಭಾಷೆಯಲ್ಲಿ. ಕೌನ್ಸೆಲಿಂಗ್ ಬೇಡ ಅಂತಲ್ಲ, ಇರಲಿ. ಆದರೆ ರೂಮಿಗೆ ಬೀಗ ಜಡಿದ ಆಡಳಿತದ ಮನಸ್ಸನ್ನೂ ಓದುವ ವಿಮರ್ಶೆ ನಮಗಿನ್ನೂ ಬರೆಯೋದಿದೆ.