ಎಡೆದೊರೆಯ ಗರಸು ದಾರಿಗಳು

ಡಾಂಬರು ರಸ್ತೆಯನ್ನು ಬಿಟ್ಟು ಗರಸು, ಮಣ್ಣು, ಕಡಿ ಹಾಸಿದ ಊರದಾರಿಗಳ ಮೇಲೆ ಬಹುದೂರ ಸೈಕಲ್ ತುಳಿಯುವ ಹವ್ಯಾಸವನ್ನು ಗ್ರ್ಯಾವೆಲ್ ಸೈಕ್ಲಿಂಗ್ ಎಂದು ಕರೆಯುತ್ತಾರೆ. ಇದಕ್ಕೆ ಬಳಸುವ ಗ್ರ್ಯಾವೆಲ್ ಬೈಕು ರೇಸ್ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್ ಹೊಂದಿದ್ದರೂ, ಅದರ ಟೈರು ಸುಮಾರು 40 ರಿಂದ 50 ಮಿ.ಮೀ. ಅಗಲವಿದ್ದು, ಗಾಳಿಯನ್ನು ಕಡಿಮೆ ಒತ್ತಡದಲ್ಲಿ ತುಂಬುವುದರಿಂದ ಸಣ್ಣ ಕಲ್ಲು, ಉಬ್ಬು, ತಗ್ಗುಗಳ ಪೆಟ್ಟನ್ನು ಸವಾರನ ಕೈಗೂ ಬೆನ್ನಿಗೂ ತಲುಪದಂತೆ ತಾನೇ ನುಂಗಿಕೊಳ್ಳುತ್ತದೆ. ಈ ಹವ್ಯಾಸದಲ್ಲಿ ಪಳಗಿದವರು ಒಂದು ದಾರಿಯನ್ನು ಅಳೆಯುವುದು ವೇಗದಿಂದಲ್ಲ, ಗಾಲಿಯ ಕೆಳಗಿನ ನೆಲದ ಗುಣದಿಂದ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯನ್ನು, ಅಂದರೆ ಶಾಸನಗಳು ಎಡೆದೊರೆ ಎಂದು ಕರೆದ ನಾಡನ್ನು, ಈ ಅಳತೆಯಿಂದ ನೋಡಿದವರು ವಿರಳ; ನೋಡಿದರೆ ಇಲ್ಲಿ ದೊರೆಯುವ ನೆಲದ ವೈವಿಧ್ಯ ಈ ಹವ್ಯಾಸದ ತವರೆನಿಸಿದ ದೇಶಗಳಿಗೂ ಕಡಿಮೆಯದಲ್ಲ.

ಫ್ರಾನ್ಸಿನ ಉದಾಹರಣೆ ಇಲ್ಲಿ ಉಪಯುಕ್ತ. 2024ರ ಟೂರ್ ದ ಫ್ರಾನ್ಸ್ ಸ್ಪರ್ಧೆಯ 9ನೇ ಹಂತವನ್ನು ತ್ರುವಾ ಪಟ್ಟಣದ ಸುತ್ತಲಿನ ದ್ರಾಕ್ಷಿ ತೋಟಗಳ ಮಣ್ಣುದಾರಿಗಳ ಮೇಲೆ ನಡೆಸಿದಾಗ, 199 ಕಿ.ಮೀ. ಓಟದಲ್ಲಿ 32 ಕಿ.ಮೀ.ನಷ್ಟು ಭಾಗ, 14 ತುಂಡುಗಳಾಗಿ, ಡಾಂಬರಿಲ್ಲದ ದಾರಿಯಾಗಿತ್ತು. ಆ ಸೀಮೆಯ ನೆಲ ಸುಣ್ಣಕಲ್ಲಿನದಾದ್ದರಿಂದ ಅಲ್ಲಿನ ದಾರಿಗಳು ಬೆಳ್ಳಗಿದ್ದು, ಬಿಳಿ ದಾರಿಗಳೆಂದೇ ಪ್ರಸಿದ್ಧವಾಗಿವೆ. ದಕ್ಷಿಣ ಫ್ರಾನ್ಸಿನಲ್ಲಿ 1681ರಲ್ಲಿ ಪೂರ್ಣಗೊಂಡ, ಸುಮಾರು 240 ಕಿ.ಮೀ. ಉದ್ದದ ಮಿದಿ ಕಾಲುವೆಯ ದಂಡೆಯಲ್ಲಿ ಹಿಂದೆ ದೋಣಿಗಳನ್ನು ಎಳೆಯುತ್ತಿದ್ದ ಕುದುರೆಗಳು ನಡೆದ ದಾರಿಯೂ ಇಂದು ಸೈಕಲ್ ಸವಾರರ ಪಾಲಾಗಿದೆ. ಹೊಲಕ್ಕೆ ಹೋಗುವ ದಾರಿ, ಕಾಲುವೆಯ ದಂಡೆ ಎಂಬ ಈ ಎರಡೂ ಬಗೆ ರಾಯಚೂರಿನಲ್ಲಿವೆ. ಆದರೆ ಇಲ್ಲಿನ ಮಣ್ಣಿನ ಸ್ವಭಾವ ಬೇರೆ, ಆದ್ದರಿಂದ ಇಲ್ಲಿ ದಾರಿಯನ್ನು ಆರಿಸುವ ವಿದ್ಯೆಯೂ ಬೇರೆ. ಆ ವಿದ್ಯೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಮೊದಲು ಮಣ್ಣು, ಆಮೇಲೆ ನಕ್ಷೆ.

ಈ ಸೀಮೆಯ ಒಕ್ಕಲಿಗರು ನೆಲವನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸುತ್ತಾರೆ: ಕಪ್ಪು ಬಣ್ಣದ, ಜಿಗುಟಾದ ಎರೆ ಮತ್ತು ಕೆಂಪು ಬಣ್ಣದ, ಉಸುಕು ಬೆರೆತ ಮಸಾರಿ. ಎರೆಯಲ್ಲಿರುವ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ನೆಲವನ್ನು ಆಳವಾಗಿ ಬಿರಿಯಿಸುತ್ತವೆ. ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಪದರ ಪದರವಾಗಿ ಮೆತ್ತಿಕೊಂಡು, ಟೈರು ಮತ್ತು ಚೌಕಟ್ಟಿನ ನಡುವಿನ ಸಂದನ್ನೆಲ್ಲ ತುಂಬಿ, ಗಾಲಿ ತಿರುಗದಂತಾಗುತ್ತದೆ. ಅದೇ ದಾರಿ ನಾಲ್ಕಾರು ವಾರ ಬಿಸಿಲು ಕಂಡು, ಬಂಡಿ ಮತ್ತು ಟ್ರ್ಯಾಕ್ಟರುಗಳು ಓಡಾಡಿ ನೆಲ ಕುಟ್ಟಿಸಿಕೊಂಡಾಗ ಕಲ್ಲಿಲ್ಲದ, ಸದ್ದಿಲ್ಲದ, ಬಹು ನಯವಾದ ಸವಾರಿಯನ್ನು ಕೊಡುತ್ತದೆ. ಮಸಾರಿಯ ಗುಣ ಇದಕ್ಕೆ ವಿರುದ್ಧವಾದುದು. ಈ ಭಾಗದ ಬಹು ಪ್ರಾಚೀನವಾದ ಗ್ರಾನೈಟ್ ಬಂಡೆಗಳು ಸವೆದು ಉಂಟಾದ ಒರಟು ಹರಳು ಅದರಲ್ಲಿರುವುದರಿಂದ ನೀರು ನಿಲ್ಲದೆ ಇಳಿದುಹೋಗುತ್ತದೆ, ಮಳೆಯ ಮರುದಿನವೇ ದಾರಿ ಸವಾರಿಗೆ ಸಿದ್ಧವಾಗುತ್ತದೆ, ಆದರೆ ಬೇಸಿಗೆಯಲ್ಲಿ ಅದೇ ಹರಳು ಸಡಿಲಗೊಂಡು ತಿರುವುಗಳಲ್ಲಿ ಟೈರನ್ನು ಜಾರಿಸುತ್ತದೆ. ರಸ್ತೆ ಕೆಲಸಕ್ಕೆ ತಂದು ಹಾಸುವ ಗರಸು ಇಂಥ ಸವೆದ ಬಂಡೆಯಿಂದಲೇ ಅಗೆದು ತೆಗೆದದ್ದು.

ರಾಯಚೂರು ನಗರದಿಂದ ವಾಯವ್ಯಕ್ಕೆ, ದೇವದುರ್ಗದ ಕಡೆಗೆ ಹೋಗುವ ಸವಾರಿ ಮಸಾರಿಯ ಗುಣವನ್ನು ಅರಿಯಲು ತಕ್ಕದ್ದು. ಕಲ್ಮಲಾದಿಂದ ಗಬ್ಬೂರು, ದೇವದುರ್ಗಗಳ ಮೂಲಕ ಕೃಷ್ಣೆಯ ತಿಂಥಣಿ ಸೇತುವೆಗೆ ಹೋಗುವ ರಾಜ್ಯ ಹೆದ್ದಾರಿ ಈ ದಿಕ್ಕಿನ ಬೆನ್ನೆಲುಬು. ಅದನ್ನು ದಿಕ್ಸೂಚಿಯಾಗಿ ಮಾತ್ರ ಇಟ್ಟುಕೊಂಡು, ಎರಡೂ ಮಗ್ಗುಲಿನ ಹಳ್ಳಿಗಳನ್ನು ಜೋಡಿಸುವ ಹೊಲದ ದಾರಿಗಳಲ್ಲಿ ಸಾಗುವುದು ಒಳ್ಳೆಯದು. ಗಬ್ಬೂರು ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿಗೂ ಹಳೆಯ ಗುಡಿಗಳಿಗೂ ಹೆಸರಾದ ಊರಾದ್ದರಿಂದ ಅರ್ಧ ದಾರಿಯ ತಂಗುವಿಕೆಗೆ ಅದಕ್ಕಿಂತ ಉತ್ತಮ ಸ್ಥಳವಿಲ್ಲ. ಹೋಟೆಲಿನ ಮಂಡಾಳ ಒಗ್ಗರಣಿ ಮತ್ತು ಮಿರ್ಚಿ ಸವಾರನಿಗೆ ಬೇಕಾದ ಉಪ್ಪು, ಪಿಷ್ಟ ಎರಡನ್ನೂ ಕೊಡುತ್ತವೆ. ದೇವದುರ್ಗದ ಸುತ್ತ ಕಲ್ಲುಗುಡ್ಡಗಳ ಬುಡದಲ್ಲಿ ಹಾದುಹೋಗುವ ದಾರಿಗಳು ಒರಟಾಗಿ, ಏರಿಳಿತದಿಂದ ಕೂಡಿವೆ. ನದಿಯತ್ತ ಕೊಪ್ಪರದ ನರಸಿಂಹ ದೇವಸ್ಥಾನದ ಕಡೆಗೆ ಇಳಿದಂತೆ ಎರೆಯ ಪಾಲು ಹೆಚ್ಚುತ್ತ ಹೋಗುವುದನ್ನು ಟೈರಿನ ಸದ್ದಿನಿಂದಲೇ ಗುರುತಿಸಬಹುದು.

ನೈಋತ್ಯಕ್ಕೆ, ಮಾನ್ವಿಯ ಕಡೆಗೆ ಹೋಗುವ ಸವಾರಿಯನ್ನು ರೂಪಿಸುವುದು ತುಂಗಭದ್ರಾ ಎಡದಂಡೆ ಕಾಲುವೆ. ಮುನಿರಾಬಾದಿನ ಬಳಿ ಆಣೆಕಟ್ಟಿನಿಂದ ಹೊರಟು, ಕೊಪ್ಪಳ ಜಿಲ್ಲೆಯನ್ನು ದಾಟಿ, ಸಿಂಧನೂರು, ಮಾನ್ವಿ ಸೀಮೆಗಳಿಗೆ ನೀರುಣಿಸುತ್ತ ರಾಯಚೂರಿನವರೆಗೆ ಬರುವ ಈ ಕಾಲುವೆಯ ಉದ್ದ 227 ಕಿ.ಮೀ.; ಅದನ್ನು ಇಂದಿಗೂ ಮೈಲುಗಳಲ್ಲೇ ಲೆಕ್ಕ ಹಾಕುವುದರಿಂದ, 69ನೇ ಮೈಲು, 104ನೇ ಮೈಲು ಎಂಬ ಹೆಸರುಗಳು ಕೆಳಭಾಗದ ರೈತರ ಬಾಯಲ್ಲಿ ಊರಿನ ಹೆಸರುಗಳಷ್ಟೇ ಸಹಜವಾಗಿವೆ. ಕಾಲುವೆಯನ್ನೂ ತೂಬುಗಳನ್ನೂ, ಅಂದರೆ ನೀರನ್ನು ಹೊಲಗಾಲುವೆಗೆ ಬಿಡುವ ಕಿಂಡಿಗಳನ್ನೂ, ನೋಡಿಕೊಳ್ಳುವ ಸಿಬ್ಬಂದಿಗಾಗಿ ಏರಿಯ ಮೇಲೆ ಗರಸಿನ ದಾರಿಯನ್ನು ಮಾಡಲಾಗಿದೆ. ನೀರು ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ಕಾಲುವೆಯ ಇಳಿಜಾರು ಬಹಳ ಅಲ್ಪ. ಹೀಗಾಗಿ ಏರಿಯ ದಾರಿ ಬಹುತೇಕ ಸಮತಟ್ಟಾಗಿದ್ದು, ನೆಲದ ಉಬ್ಬುತಗ್ಗುಗಳನ್ನು ಅನುಸರಿಸಿ ಬಳಸಿ ಬಳಸಿ ಸಾಗುತ್ತದೆ. ಸುತ್ತಲಿನ ಎರೆ ಹೊಲಗಳು ಕೆಸರಾಗಿರುವ ದಿನಗಳಲ್ಲೂ ಎತ್ತರದಲ್ಲಿರುವ ಏರಿ ಬೇಗ ಆರುತ್ತದೆ. ಆದರೆ ಏರಿಗೆ ತಡೆಗೋಡೆಯಿರುವುದಿಲ್ಲ, ತುಂಬಿ ಹರಿಯುವ ಕಾಲುವೆಯ ಸೆಳೆತ ಬಲವಾದದ್ದು, ಅದರ ಜಾರುವ ಇಳಿಜಾರನ್ನು ಹತ್ತಿ ಮೇಲೆ ಬರುವುದು ಈಜು ಬಲ್ಲವರಿಗೂ ಕಷ್ಟ. ಕತ್ತಲಾದ ಮೇಲೆ ಇಲ್ಲಿ ಸವಾರಿ ಸಲ್ಲದು, ಹಗಲಿನಲ್ಲೂ ಇಬ್ಬರು ಜೊತೆಜೊತೆಯಾಗಿ ಸಾಗುವುದು ಸಲ್ಲದು.

ಈ ಎರಡು ದಿಕ್ಕುಗಳನ್ನು ಒಂದೇ ಸುತ್ತಾಗಿ ಹೊಸೆಯಲು ದಾಸಸಾಹಿತ್ಯದ ಊರುಗಳು ನೆರವಾಗುತ್ತವೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ಸೀಮೆಯ ತುಂಗಭದ್ರೆಯ ದಡದಲ್ಲಿದೆ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರ ಹುಟ್ಟೂರು ಬ್ಯಾಗವಾಟ ಕೂಡ ಮಾನ್ವಿ ಸೀಮೆಯದೇ. ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. 17ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದ ನಡುವೆ ಹುಟ್ಟಿದ ಈ ಮೂವರ ಊರುಗಳೂ ದೊಡ್ಡ ಹೆದ್ದಾರಿಗಳಿಂದ ಒಳಗಿರುವುದರಿಂದ, ಒಂದರಿಂದ ಇನ್ನೊಂದಕ್ಕೆ ಹೋಗಲು ಹೊರಟವನು ಸಹಜವಾಗಿಯೇ ಒಳದಾರಿಗಳನ್ನು ಹಿಡಿಯುತ್ತಾನೆ. ನದಿಯ ಮಗ್ಗುಲಿನ ಎರೆ, ಕಾಲುವೆಯ ಏರಿಯ ಗರಸು, ಗುಡ್ಡದ ಬುಡದ ಮಸಾರಿ ಮೂರೂ ಆ ಸುತ್ತಿನಲ್ಲಿ ಸೇರುತ್ತವೆ. ಎರಡು ದಿನಗಳಿಗೆ ಹಂಚಿ, ನಡುವೆ ಸಿರವಾರ ಅಥವಾ ಮಾನ್ವಿಯಲ್ಲಿ ತಂಗುವುದು ಉಚಿತ.

ಮಣ್ಣಿನಷ್ಟೇ ಮುಖ್ಯವಾದದ್ದು ಒಕ್ಕಲುತನದ ಪಂಚಾಂಗ. ಭತ್ತದ ನಾಟಿಗೆ ಮುನ್ನ ಕೆಸರುಗದ್ದೆಯನ್ನು ಹದಗೊಳಿಸಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ಗಾಲಿಗಳನ್ನು ಜೋಡಿಸುತ್ತಾರೆ. ಆ ಗಾಲಿಗಳು ದಾರಿಗೆ ಬಂದಾಗ ಮೇಲ್ಪದರವನ್ನೇ ಕಿತ್ತು ಹಾಕುವುದರಿಂದ ಮುಂಗಾರಿನ ನಾಟಿಯ ವಾರಗಳಲ್ಲಿ ಕಾಲುವೆ ಸೀಮೆಯ ದಾರಿಗಳು ಸವಾರಿಗೆ ಯೋಗ್ಯವಲ್ಲ. ಕೊಯ್ಲು ಮುಗಿದು, ಹಿಂಗಾರಿ ಜೋಳ ಎದ್ದು ನಿಂತು, ಹತ್ತಿ ಬಿಡಿಸುವ ಕೆಲಸ ನಡೆದಿರುವ ಡಿಸೆಂಬರ್ ನಡುವಿನಿಂದ ಫೆಬ್ರುವರಿಯವರೆಗಿನ ಅವಧಿಯೇ ಶ್ರೇಷ್ಠ. ಎರೆ ಆಗ ಗಟ್ಟಿಯಾಗಿರುತ್ತದೆ, ಮಸಾರಿ ಇನ್ನೂ ಸಡಿಲಗೊಂಡಿರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯವಾದ್ದರಿಂದ ನೆರಳಿಲ್ಲದ ಏರಿಯ ಮೇಲೆ ದೀರ್ಘ ಸವಾರಿ ಅಪಾಯಕಾರಿ.

ಸಲಕರಣೆಯ ವಿಷಯದಲ್ಲಿ ಇಲ್ಲಿನ ಮುಖ್ಯ ವೈರಿ ಮುಳ್ಳು. ಕಾಲುವೆ ದಂಡೆಗಳಲ್ಲೂ ಬೀಳು ಹೊಲಗಳಲ್ಲೂ ಹಬ್ಬಿರುವ ಬಳ್ಳಾರಿ ಜಾಲಿಯ ಉದ್ದ ಮುಳ್ಳು ಮತ್ತು ನೆಲಕ್ಕೆ ಹರಡಿ ಬೆಳೆಯುವ ನೆಗ್ಗಿಲು ಗಿಡದ ಕಾಯಿ ಸಾಮಾನ್ಯ ಟ್ಯೂಬನ್ನು ಮೇಲಿಂದ ಮೇಲೆ ತೂತು ಮಾಡುತ್ತವೆ. ಇದಕ್ಕೆ ಪರಿಹಾರ ಟ್ಯೂಬ್‌ಲೆಸ್ ಟೈರು. ಅದರೊಳಗೆ ಹಾಕುವ ಸೀಲಂಟ್ ಎಂಬ ದ್ರವ ತೂತಿನ ಬಾಯಿಗೆ ನುಗ್ಗಿ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಬಿಸಿಲಿನ ಸೀಮೆಯಲ್ಲಿ ಈ ದ್ರವ ಬೇಗ ಆರುವುದರಿಂದ ಅದನ್ನು ಆಗಾಗ ಮರುಪೂರಣ ಮಾಡಬೇಕು.

ಈ ಸೀಮೆಯಲ್ಲಿ ಗಾಲಿ ಮತ್ತು ದಾರಿಯ ಸಂಬಂಧಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ, ಕಾಕತೀಯರ ಕಾಲದ 1294ರ ಶಾಸನವಿರುವ, 41 ಅಡಿಗೂ ಮೀರಿದ ಉದ್ದದ ಕಲ್ಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಸಾಲು ಎಳೆದು ತಂದ ಬಗೆಯನ್ನೂ, ಗಾಲಿಗಳನ್ನು ಜನ ಸನ್ನೆಕೋಲಿನಿಂದ ಮೀಟುತ್ತಿರುವುದನ್ನೂ ಗೋಡೆಯ ಮೇಲೆ ಕೆತ್ತಲಾಗಿದೆ. ಬಂಡಿ ಸಾಗುವ ಗಟ್ಟಿ ದಾರಿ ಯಾವುದು, ಹೂತುಹೋಗುವ ದಾರಿ ಯಾವುದು ಎಂಬ ತಿಳಿವಳಿಕೆ ಇಲ್ಲದೆ ಅಂಥ ಭಾರವನ್ನು ಸಾಗಿಸುವುದು ಸಾಧ್ಯವಿರಲಿಲ್ಲ.

ಆ ತಿಳಿವಳಿಕೆಯ ಇಂದಿನ ದಾಖಲೆ ಗ್ರಾಮ ನಕ್ಷೆ. ಭೂಮಾಪನ ಇಲಾಖೆಯ ಈ ನಕ್ಷೆಗಳಲ್ಲಿ ಸರ್ವೆ ನಂಬರುಗಳ ಜೊತೆಗೆ ಬಂಡಿದಾರಿಗಳನ್ನೂ ಕಾಲುದಾರಿಗಳನ್ನೂ ಚುಕ್ಕೆಗೆರೆಗಳಿಂದ ಬೇರೆಬೇರೆಯಾಗಿ ಗುರುತಿಸಲಾಗಿದೆ. ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವುದರಿಂದ ಸವಾರನು ತಾನಿರುವ ತಾಣವನ್ನು ನಕ್ಷೆಗೆ ಹೋಲಿಸಿ ನೋಡಬಹುದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಆದರೂ ನಕ್ಷೆಯಲ್ಲಿರುವ ಎಷ್ಟೋ ಬಂಡಿದಾರಿಗಳು ವರ್ಷವರ್ಷವೂ ಒಂದೊಂದು ಸಾಲು ಉಳುಮೆಗೆ ಸೇರುತ್ತ ಕಿರಿದಾಗಿ, ಕೊನೆಗೆ ನೆಲದ ಮೇಲಿಂದ ಅಳಿಸಿಹೋಗುತ್ತಿವೆ.

ಸೈಕಲ್ ಸವಾರನ ಅಭಿರುಚಿಗಾಗಿ ಹಳ್ಳಿಗಳಿಗೆ ಡಾಂಬರು ಬೇಡವೆನ್ನುವುದು ನ್ಯಾಯವಲ್ಲ. ಊರಿಂದ ಊರಿಗೆ ಆಸ್ಪತ್ರೆಗೂ ಶಾಲೆಗೂ ಒಯ್ಯುವ ಪಕ್ಕಾ ರಸ್ತೆ ಜನರ ಹಕ್ಕು. ಆದರೆ ಊರಿಂದ ಹೊಲಕ್ಕೆ ಹೋಗುವ ದಾರಿಯ ವಿಷಯದಲ್ಲಿ ರೈತನ ಅಗತ್ಯವೂ ಸವಾರನ ಆಸೆಯೂ ಒಂದೇ: ಮಳೆನೀರು ನಿಲ್ಲದಂತೆ ಎರಡೂ ಬದಿಗೆ ಇಳಿಜಾರು, ಮೇಲೆ ಚೆನ್ನಾಗಿ ರೋಲರ್ ಹೊಡೆದ ಗರಸು, ಮತ್ತು ನಕ್ಷೆಯಲ್ಲಿರುವಷ್ಟೇ ಅಗಲ. ಕೊಯ್ದ ಬೆಳೆಯನ್ನು ಹೇರಿಕೊಂಡು ಬರುವ ಟ್ರ್ಯಾಕ್ಟರು ಹೂತುಕೊಳ್ಳದ ದಾರಿಯಲ್ಲಿ ಸೈಕಲ್ಲೂ ಸರಾಗವಾಗಿ ಓಡುತ್ತದೆ. ಹೊಲದ ದಾರಿಗಳ ಕೆಲಸವನ್ನು ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೈಗೊಂಡ ಉದಾಹರಣೆಗಳು ರಾಜ್ಯದಲ್ಲಿವೆ. ಗ್ರಾಮ ನಕ್ಷೆಯನ್ನು ಹಿಡಿದು ಈ ಸೀಮೆಯ ಒಳದಾರಿಗಳಲ್ಲಿ ಸುತ್ತುವ ಸವಾರರು, ಯಾವ ದಾರಿ ಎಲ್ಲಿಯವರೆಗೆ ತೆರೆದಿದೆ, ಎಲ್ಲಿ ಮುಚ್ಚಿದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಬರೆದು ಆಯಾ ಗ್ರಾಮ ಪಂಚಾಯಿತಿಗೆ ಒಪ್ಪಿಸಿದರೆ, ಅವರ ಹವ್ಯಾಸ ಆ ದಾರಿಗಳನ್ನು ದಿನವೂ ಬಳಸುವವರಿಗೆ ನೇರವಾದ ಪ್ರಯೋಜನವನ್ನು ಕೊಡುತ್ತದೆ.